ಐಸು ತಿಂದು ಅರಳಿದ ಹೂವು

ಮದುವೆಯಾದ ಏಳು ವರ್ಷದಲ್ಲಿ ಶಂಭುಲಿಂಗ ಹೆಂಡತಿ ಸುರೇಖಾಗೆ ಒಂದು ಐಸ್‌ಕ್ಯಾಂಡಿ ಕೊಡಿಸಿದವನಲ್ಲ. ಅಂಥವನು ಎರಡು ತಿಂಗಳಿಂದ ಒಂದು ಗಿಡಕ್ಕೆ ದಿನಾ ಐಸು ತಿನ್ನಿಸುತ್ತಿದ್ದ.

ಗಿಡ ಅವನು ಕೂಲಿಗೆ ಹೋಗುವ ರಾಣೆಬೆನ್ನೂರಿನ ಬೀಜದ ಕಂಪನಿಯದು. ಹೆಸರು ವಾಲ್‌ಫ್ಲವರ್. ಚಳಿ ದೇಶಗಳಲ್ಲಿ ಹಳೇ ಗೋಡೆಯ ಸಂದಿಯಲ್ಲಿ ಬೆಳೆಯುತ್ತದಂತೆ. ಸಾಸಿವೆ, ಮೂಲಂಗಿ, ಕೋಸು ಇದರ ಬಳಗವಂತೆ. ಎಲ್ಲಕ್ಕೂ ನಾಲ್ಕೇ ಎಸಳು. ಆದರೆ ಇದು ಚಳಿ ತಾಗದಿದ್ದರೆ ಮೊಗ್ಗು ಬಿಡುವುದಿಲ್ಲ. ರಾಣೆಬೆನ್ನೂರಿನಲ್ಲಿ ಚಳಿಯನ್ನು ಎಲ್ಲಿಂದ ತರುವುದು? ಕಂಪನಿಯಲ್ಲಿ ಅರವತ್ತು ಸಸಿ ಸತ್ತ ಮೇಲೆ ಉಳಿದದ್ದೊಂದನ್ನು ಶಂಭುಲಿಂಗ ಮನೆಗೆ ತಂದ. ಪಕ್ಕದ ಇಸಾಕಸಾಬನ ಸೋಡಾ ಅಂಗಡಿಯ ಐಸನ್ನು ಬುಡಕ್ಕೆ ಸುರಿದು ಕೂಸಿನ ಹಾಗೆ ಸಾಕಿದ. ಕಾರಣವಿತ್ತು. ಬೆಂಗಳೂರಿನಿಂದ ಕಂಪನಿಯ ದೊಡ್ಡ ಸಾಹೇಬರು ಬರುವ ದಿನ ಅದು ಹೂ ಬಿಟ್ಟಿದ್ದರೆ ಒಂಬತ್ತು ವರ್ಷದ ದಿನಗೂಲಿ ಮುಗಿದು ನೌಕರಿ ಖಾಯಂ ಎಂದು ಮ್ಯಾನೇಜರ್ ರುದ್ರಮುನಿ ಮಾತು ಕೊಟ್ಟಿದ್ದರು.

ಗಿಡ ಹೂ ಬಿಟ್ಟಿತು. ಒಂದೇ ಕಡ್ಡಿ, ತುದಿಗೆ ಐದಾರು ಹಳದಿ ಹೂ. ಆದರೆ ಸಾಹೇಬರು ಬರುವ ದಿನವೇ ಮುಂಜಾನೆ ಹಲ್ಲುಜ್ಜುತ್ತ ಹೊರಗೆ ಬಂದು ನೋಡಿದರೆ ಗಿಡ ಬೋಳಾಗಿತ್ತು.

ನಮ್ಮ ಕಡೆ ಮುಂಜಾನೆ ಕಂಡವರ ಗಿಡದ ಹೂ ಹರಿದರೆ ಅದು ಕಳವಲ್ಲ, ಭಕ್ತಿ. ಆ ಓಣಿಯಲ್ಲಿ ಈ ಭಕ್ತಿಗೆ ಎದುರುಮನೆಯ ಕರೆವ್ವನನ್ನು ಬಿಟ್ಟರಿಲ್ಲ. ಶಂಭುಲಿಂಗ ಹೋಗಿ ಕೇಳಿದ.

"ಸಾಸಿವಿ ಹೂ ಅಂತ ಹರಕೊಂಡೆ ತಮ್ಮಾ. ಬಸವಣ್ಣಗ ಏರಿಸಿ ಬಂದೇನಿ," ಎಂದಳು ಕರೆವ್ವ. "ನಿನ್ನ ನೌಕರಿ ಖಾಯಂ ಆಗ್ಲಿ ಅಂತ ಕೈನೂ ಮುಗದೇನಿ."

ಶಂಭುಲಿಂಗ ಗುಡಿಗೆ ಓಡಿದ. ಅಷ್ಟರಲ್ಲಿ ಅಭಿಷೇಕ ಮುಗಿದಿತ್ತು. ಪತ್ರಿಯ ಅಡಿಗೆ ಕೈ ಹಾಕುತ್ತಿದ್ದಂತೆ, ಕಸ ಹೊಡೆಯುತ್ತಿದ್ದ ಮಂಗಳವ್ವ ದೇವರ ತಲೆಯಿಂದ ಕದಿಯುವ ಇವನು ಯಾರ ಮಗ ಎಂದು ಓಣಿಗೆಲ್ಲ ಕೇಳುವಂತೆ ವಿಚಾರಿಸಿದಳು. ಹತ್ತು ಜನ ಕೂಡಿದರು. ಒಂಬತ್ತು ಜನ ಬುದ್ಧಿ ಹೇಳಿದರು, ಒಬ್ಬ ಕಪಾಳಕ್ಕೆ ಹೊಡೆದ. ಇಷ್ಟಾಗಿ ಕೈಗೆ ಬಂದ ಹೂ ಹಾಲು ಮೊಸರಲ್ಲಿ ನೆನೆದು ಬೆಂದ ಸೊಪ್ಪಿನಂತಾಗಿತ್ತು. ಶಂಭುಲಿಂಗನಿಗೆ ಅಳು ಬಂತು.

ದಾರಿ ತೋರಿಸಿದವನು ಇಸಾಕಸಾಬ. "ನಾಕ ಎಸಳ ಅಂದ್ರ ನಾಕ ಎಸಳ, ಶಂಭಣ್ಣ. ಬೆಂಗಳೂರ ಸಾಹೇಬ್ರು ಸಾಸಿವಿ ಒಗ್ಗರಣ್ಯಾಗ ನೋಡಿರ್ತಾರ, ಹೊಲದಾಗ ನೋಡಿರಂಗಿಲ್ಲ."

ಇಬ್ಬರೂ ಅವನ ಲೂನಾ ಹತ್ತಿ ಗುತ್ತಲದ ರಸ್ತೆ ಹಿಡಿದರು. ಜೋಳದ ಹೊಲದ ಬದುವಿನಲ್ಲಿ ಸಾಸಿವೆ ಹೂವಿಗೇನು ಬರ! ಒಳ್ಳೆಯದೊಂದು ಕಡ್ಡಿ ಮುರಿದು ತಂದರು. ಸುರೇಖಾ ಗೊಣಗುತ್ತಲೇ ಹಸಿರು ದಾರದಿಂದ ಅದನ್ನು ಗಿಡಕ್ಕೆ ಕಟ್ಟಿದಳು. ಇಸ್ತ್ರಿ ಅಂಗಿ ತೊಟ್ಟ ಶಂಭುಲಿಂಗ ಕುಂಡವನ್ನು ಎದೆಗವಚಿಕೊಂಡು ಕಂಪನಿಗೆ ಹೋದ.

ಸಾಹೇಬರು ಬಂದಾಗ ನಾಲ್ಕು ಗಂಟೆ. ಕೈಯಲ್ಲಿದ್ದ ಪುಸ್ತಕದಲ್ಲಿ ಹೂವಿನ ಚಿತ್ರ ನೋಡಿದರು, ಬೆರಳಿಟ್ಟು ಎಸಳು ಎಣಿಸಿದರು. ನಾಲ್ಕು ಇದ್ದವು. ಚಳಿಯಿಲ್ಲದ ಊರಲ್ಲಿ ಇದನ್ನು ಬೆಳೆಸಲು ಬಹಳ ಕಷ್ಟವಾಯಿತೇ ಎಂದು ಕೇಳುತ್ತ ಇನ್ನಷ್ಟು ಬಗ್ಗಿದರು. ಇನ್ನು ನಾಲ್ಕು ಬೆರಳು ಬಗ್ಗಿದರೆ ದಾರ ಕಾಣುತ್ತಿತ್ತು. ಮಾತು ಬೇಗ ಮುಗಿದರೆ ಸಾಕಾಗಿದ್ದ ಶಂಭುಲಿಂಗ, "ಏನೂ ತ್ರಾಸಿಲ್ರಿ. ಸಾಸಿವಿ ಹಂಗ ತಾನಾ ಬೆಳೀತೈತ್ರಿ," ಎಂದುಬಿಟ್ಟ. ಸಾಹೇಬರು ನೆಟ್ಟಗಾಗಿ ಅವನ ಬೆನ್ನು ತಟ್ಟಿ ಒಳಗೆ ಹೋದರು.

ಅರ್ಧ ತಾಸಿನ ಮೇಲೆ ರುದ್ರಮುನಿ ಹೊರಗೆ ಬಂದರು. ಸಾಹೇಬರು ಬಹಳ ಖುಷಿಯಾಗಿದ್ದಾರೆಂದೂ, ಬರುವ ವರ್ಷ ಈ ಗಿಡವನ್ನು ರೈತರ ಹೊಲದಲ್ಲೇ ಬೆಳೆಸಲು ಕೊಡುತ್ತಾರೆಂದೂ ಹೇಳಿದರು. ಅವರ ಕಣ್ಣು ಮಾತ್ರ ನೆಲದ ಮೇಲಿತ್ತು.

"ನಂದು ಖಾಯಂ ಆಗೋದು ಏನಾತ್ರಿ?"

"ನೋಡಕೊಳ್ಳಾಕ ಮನಷ್ಯಾ ಬೇಕಾಗಿದ್ರ ಆಗ್ತಿತ್ತು. ತಾನಾ ಬೆಳೀತೈತಿ ಅಂತ ನೀನ ಹೇಳಿದ್ಯಲ್ಲೊ, ಶಂಭು. ಒಂದನೇ ತಾರೀಖಿನಿಂದ ಬರಬ್ಯಾಡ ಅಂದಾರ."

ಶಂಭುಲಿಂಗ ಬಾಯಿ ತೆರೆದ. ನಿಜ ಹೇಳಿದರೆ ಮೋಸಗಾರನೆಂದು ಇವತ್ತೇ ಹೊರಗೆ. ಹೇಳದಿದ್ದರೆ ಒಂದನೇ ತಾರೀಖಿಗೆ ಹೊರಗೆ. ನಡುವೆ ಹನ್ನೊಂದು ದಿನದ ಕೂಲಿಯಿತ್ತು.

"ಹೂಂ ರೀ," ಎಂದ.