ಬೆಲ್ಲದ ವಿಮಾನ

"ಈ ವರ್ಷದ ಪಟಗಾ ನನ್ನ ತಲೆಯ ಮೇಲೆ!"

೧೯೮೭ರ ದಸರೆ ಮುಗಿದ ಮರುದಿನ ನಾನು ಹೆಂಡತಿಯ ಎದುರು ಹೀಗೆಂದು ಘೋಷಿಸಿದೆ. ಕುಸುಮ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು, "ತಲಿ ಅಳತಿ ಕೊಟ್ಟ ಬಂದೀರೇನು?"

ನಾನು ಕಾಗವಾಡದ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವನು. ಕುಸುಮಳ ತವರು ತಾವರಗಡ್ಡಿ, ಕೃಷ್ಣಾ ಹೊಳೆಯ ನಡುವಿನ ನಡುಗಡ್ಡೆ. ದಸರೆಯಾಗಿ ಹದಿನೈದು ದಿನಕ್ಕೆ ಅಲ್ಲಿ ಹೂಬಂಡಿಗಳ ಮೆರವಣಿಗೆ. ಮನೆಗೊಂದು ಚಕ್ಕಡಿ ಹೂವಿನಲ್ಲಿ ಮುಳುಗಿ ಗಡ್ಡೆಯನ್ನು ಒಂದು ಸುತ್ತು ಹಾಕಬೇಕು, ಕೊನೆಗೆ ಹೂವೆಲ್ಲ ಹೊಳೆಗೆ. ಕಟ್ಟಳೆಗಳು ಕಟ್ಟುನಿಟ್ಟು: ಹೂವು ಸ್ವಂತ ಹೊಲದ್ದೇ ಆಗಬೇಕು. ಮೊಳೆ, ದಾರ ಮುಟ್ಟಿಸಕೂಡದು, ಬಾಳೆನಾರಿನಿಂದಲೇ ಕಟ್ಟಬೇಕು. ಕಟ್ಟುವವರು ಹೆಂಗಸರು, ಬಂಡಿ ಹೊಡೆಯುವವರು ಗಂಡಸರು. ಗೆದ್ದವನ ತಲೆಗೆ ಊರ ಹಿರಿಯಜ್ಜಿ ಪಟಗಾ, ಅಂದರೆ ಮಾನದ ರುಮಾಲು, ಸುತ್ತುತ್ತಾಳೆ.

ನಾಲ್ಕು ವರ್ಷದಿಂದ ಆ ಪಟಗಾ ಸುತ್ತಿಸಿಕೊಂಡವನು ಕುಸುಮಳ ತಮ್ಮ ಲಗಮಪ್ಪ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು! ನಾನೋ, ಬಿ.ಎಸ್ಸಿ.! ಆ ಸಲ ಮಾವನವರು ತಮ್ಮ ಇನ್ನೊಂದು ಚಕ್ಕಡಿಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಹಬ್ಬಕ್ಕೆ ಅಲ್ಲಿಗೆ ಹೋದವನೇ ನಾನು ಬಿದಿರಿನಲ್ಲಿ ಒಂದು ವಿಮಾನದ ಹಂದರ ಕಟ್ಟಿ ಅದರ ಮೇಲೆ ಕೂರಿಸಿದೆ.

"ವಿಮಾನಕ್ಕ ಎತ್ತು ಹೂಡ್ತೀರೇನ್ರಿ?" ಎಂದಳು ಕುಸುಮ. ಆದರೂ ಮೆರವಣಿಗೆಯ ದಿನ ನಸುಕಿನಲ್ಲೇ ಎದ್ದು ಚೆಂಡುಹೂವು, ಶೇವಂತಿಗೆ ಹರಿದು ತಂದು ಕಟ್ಟಲು ಕುಳಿತಳು. ಮಧ್ಯಾಹ್ನವಾದರೂ ಮೂತಿ, ಒಂದು ರೆಕ್ಕೆ ಅಷ್ಟೇ ಆಗಿತ್ತು. ನಾರು ಒಣಗಿತೆಂದು ನೆನೆಸಿ ತರಲು ಹೊಳೆಗೆ ಹೋದಳು. ನಾನು ಊಟ ಮಾಡಿ ಅಡ್ಡಾಗಿದ್ದೆ.

ಆಗ ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ! ಒಂದೊಂದೇ ಹೂವಿಗೆ ಗಂಟು ಹಾಕುವುದು ಯಾವ ಕಾಲದ ಪದ್ಧತಿ? ಅಂಟಿಸಿದರಾಯಿತು! ಅತ್ತೆಯವರ ಅಡುಗೆಮನೆಯಲ್ಲಿ ಬೆಲ್ಲದ ಪೆಂಟೆ ಇತ್ತು. ಅರ್ಧ ಒಡೆದು ಗಟ್ಟಿ ಪಾಕ ಕಾಯಿಸಿದೆ. ಬಿದಿರಿನ ಸಂದಿಯಲ್ಲಿ ಹೂವು ನಿಲ್ಲಲಿಲ್ಲ. ಅದಕ್ಕೊಂದು ಬಟ್ಟೆಯ ಹೊದಿಕೆ ಬೇಕಿತ್ತು. ನಾವು ತಂದಿದ್ದ ಪೆಟ್ಟಿಗೆ ತೆರೆದೆ, ಮೇಲೆಯೇ ಇದ್ದ ಉದ್ದನೆಯದೊಂದನ್ನು ಎಳೆದೆ, ಸುತ್ತಿದೆ, ಪಾಕ ಬಳಿದೆ, ಹೂವು ಒತ್ತಿದೆ. ಒಂದೇ ತಾಸು! ವಿಮಾನ ಸಿದ್ಧ!

ಕುಸುಮ ಒದ್ದೆ ನಾರು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಹೂವೊಂದನ್ನು ಮುಟ್ಟಿದಳು. ಬೆರಳು ಮೂಸಿದಳು.

"ಇದೇನ್ರಿ, ಬೆಲ್ಲ?"

"ಸೈನ್ಸ್!" ಎಂದೆ.

"ಸೈನ್ಸಿಗೆ ಇರವಿ ಹತ್ಯಾವ ನೋಡ್ರಿ."

ಬಿಚ್ಚಲು ಹೊತ್ತಿರಲಿಲ್ಲ. ಹಲಗಿ ಬಾರಿಸತೊಡಗಿದ್ದರು. ನಾನು ಬಂಡಿ ಹೊಡೆದುಕೊಂಡು ಸಾಲಿಗೆ ಸೇರಿದೆ. ನನ್ನ ಹಿಂದೆಯೇ ಲಗಮಪ್ಪನ ಬಂಡಿ. ಜನ "ಇಮಾನಾ! ಇಮಾನಾ!" ಎಂದು ಕೂಗಿದರು. ನಾನು ಪ್ರಧಾನಮಂತ್ರಿಯ ಹಾಗೆ ಕೈ ಬೀಸಿದೆ.

ಐವತ್ತು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಲಗಮಪ್ಪನ ಬಲಗಡೆಯ ಎತ್ತು ಮೂತಿ ಚಾಚಿ ವಿಮಾನದ ಬಾಲವನ್ನು ನೆಕ್ಕಿತು. ರುಚಿ ಹತ್ತಿತು. ಬಾಯಿ ಹಾಕಿತು. ಎಡಗಡೆಯದು ಸುಮ್ಮನಿದ್ದೀತೇ?

"ಲೇ ಲಗಮಾ, ಎತ್ತ ಹಿಡಿಯೋ!"

"ನಿಲ್ಲವಲ್ಲವ್ರಿ ಮಾಮಾ! ನೀವ ಮುಂದ ಹೊಡೀರಿ!"

ನಾನು ಜೋರಾಗಿ ಹೊಡೆದೆ. ಬಾಲ ಮುಂದೆ ಹೋದಂತೆ ಅವೂ ಓಡಿದವು. ಮುಂದಿನ ಬಂಡಿಗಳವರು ಏನೋ ಅನಾಹುತವೆಂದು ತಾವೂ ಓಡಿಸಿದರು. ಗಂಭೀರವಾಗಿ ಸಾಗಬೇಕಿದ್ದ ಮೆರವಣಿಗೆ ಎತ್ತಿನ ಓಟದ ಶರ್ಯತ್ತಾಯಿತು! ಹಲಗಿಯವನಂತೂ ಬಾರಿಸುವುದು ಬಿಟ್ಟು ಕಬ್ಬಿನ ಗದ್ದೆಗೆ ಹಾರಿದ. ಹಳ್ಳ ದಾಟುವಷ್ಟರಲ್ಲಿ ಬಾಲ ಮುಗಿದಿತ್ತು, ಒಂದು ರೆಕ್ಕೆ ಮುಗಿದಿತ್ತು, ಹೂವಿನ ಅಡಿಯಿಂದ ಕೆಂಪು ಬಟ್ಟೆಯೊಂದು ಹೊರಬಂದು ಎತ್ತಿನ ಬಾಯಿಂದ ಧ್ವಜದಂತೆ ಹಾರಾಡುತ್ತಿತ್ತು.

ದಂಡೆಯ ಹೆಂಗಸರ ಗುಂಪಿನಿಂದ ಕುಸುಮ ಚೀರಿದ್ದು ಕೇಳಿಸಿತು.

"ಅಯ್ಯಯ್ಯೋ, ನನ್ನ ಧಾರಿ ಸೀರಿ!"

ಬಂಡಿ ನಿಂತಿತು. ನಾನೂ ನಿಂತೆ. ಮದುವೆಯಲ್ಲಿ ಧಾರೆಗೆ ಅವಳು ಉಟ್ಟ ಸೀರೆ ಅದು!

ಹಿರಿಯಜ್ಜಿ ಮಲಕವ್ವ ಕೋಲೂರಿಕೊಂಡು ಬಂದಳು. ಊರೇ ಸುತ್ತ ನಿಂತಿತು. ಉಳಿದ ಹೂವನ್ನು ಕೋಲಿನಿಂದ ತಿವಿದು ಕೇಳಿದಳು, "ಯಾರ ಕಟ್ಟ್ಯಾರವ್ವಾ ಇದನ್ನ?"

ಎತ್ತು ಅರ್ಧ ತಿಂದ ಸೆರಗನ್ನು ಎದೆಗೊತ್ತಿಕೊಂಡು ಕುಸುಮ ಮುಂದೆ ಬಂದಳು. ಕಣ್ಣಲ್ಲಿ ನೀರಿತ್ತು. ಆದರೂ ಹೇಳಿದಳು, "ನಾನ ಕಟ್ಟೀನಿ, ಆಯಿ."

ಹೆಂಗಸರು ಕಿಸಕ್ಕೆಂದು ನಕ್ಕರು. ತವರಿನಲ್ಲಿ, ಓರಗೆಯವರ ಎದುರು, ನನ್ನ ಮಾನ ಉಳಿಸಲು ಅವಳು ತನ್ನದನ್ನು ಕಳೆದುಕೊಳ್ಳುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಬಂಡಿಯಿಂದ ಇಳಿದು ಎದೆಯುಬ್ಬಿಸಿ ಒಪ್ಪಿಕೊಂಡೆ, "ಇಲ್ಲ ಅಜ್ಜಿ, ಅಕಿದೇನೂ ತಪ್ಪಿಲ್ಲ. ಪಾಕ ಕಾಸಿದವನೂ ನಾನ, ಸೀರಿ ಸುತ್ತಿದವನೂ ನಾನ!"

"ಗೊತ್ತೈತಿ ಬಿಡೋ ಮಾಸ್ತರ. ನಮ್ಮ ಹೆಂಗಸರ ಗಂಟ ಹಾಕಿದ್ರ ಎತ್ತಿಗೂ ಬಿಚ್ಚಾಕ ಬರ್ತಿರಲಿಲ್ಲ," ಎಂದಳು ಮಲಕವ್ವ.

ಸತ್ಯ ನುಡಿದದ್ದಕ್ಕಾದರೂ ಒಂದು ಶಭಾಷ್ ಸಿಕ್ಕೀತೆಂದು ಕಾದೆ. ಮುದುಕಿ ನನ್ನ ಕಡೆ ತಿರುಗಿಯೂ ನೋಡದೆ ಕುಸುಮಳನ್ನು ಗದರಿದಳು, "ಇಂಥಾವನ್ನ ಒಬ್ಬನ್ನ ಮನ್ಯಾಗ ಬಿಟ್ಟು ಎಲ್ಲಿ ಹೋಗಿದ್ದಿ ಬೇ?"

ಕುಸುಮ ತಲೆ ತಗ್ಗಿಸಿದಳು.

"ತಪ್ಪಾತು ಆಯಿ. ಮಲ್ಕೊಂಡಾರ ಅಂತ ನೋಡೇ ಹೊಳಿಗೆ ಹೋಗಿದ್ನಿ!"