ನಮ್ಮ ಮನೆಯಲ್ಲಿ ಈ ವರ್ಷ ದಸವೀ

ನಾನು ಪುಕ್ಕಲು ಸ್ವಭಾವದವನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಮುಂದೆ ನಾನು ಹೇಳುವುದೆಲ್ಲ ನಿಮಗೆ ಅತಿ ಅನ್ನಿಸೀತು. ಲಿಫ್ಟು ಎರಡು ಮಹಡಿಗಳ ನಡುವೆ ಒಂಚೂರು ತಡೆದರೆ ನನಗೆ ಮನೆದೇವರು ನೆನಪಾಗುತ್ತಾರೆ. ಆಫೀಸಿನಲ್ಲಿ ಸಾಹೇಬರು "ಸ್ವಲ್ಪ ಒಳಗೆ ಬನ್ನಿ" ಅಂದರೆ ಸಾಕು, ಅವರ ಕೋಣೆ ತಲುಪುವಷ್ಟರಲ್ಲಿ ಮನಸ್ಸಿನೊಳಗೆ ನಾನು ಕೆಲಸ ಕಳೆದುಕೊಂಡು, ಮನೆ ಖಾಲಿ ಮಾಡಿ, ಸಾಮಾನು ಕಟ್ಟಿಕೊಂಡು ಧಾರವಾಡಕ್ಕೆ ವಾಪಸು ಹೋಗಿಬಿಟ್ಟಿರುತ್ತೇನೆ. ಅವರು ಕೇಳುವುದು ಪಂಖಾ ಯಾಕೆ ಸದ್ದು ಮಾಡುತ್ತಿದೆ ಎಂದು. ಆದರೆ ಇವೆಲ್ಲ ಚಿಲ್ಲರೆ ಹೆದರಿಕೆಗಳು, ಬಂದ ಹಾಗೇ ಹೋಗುತ್ತವೆ. ಮುಂಬಯಿಯಲ್ಲಿ ಹತ್ತನೆಯ ತರಗತಿಯ ಮಗುವಿರುವ ಮನೆಯೊಳಗೆ ಹುಟ್ಟುವ ಹೆದರಿಕೆಯ ಜಾತಿಯೇ ಬೇರೆ.

ಇಲ್ಲಿ ಯಾರೂ "ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ" ಅನ್ನುವುದಿಲ್ಲ. "ಈ ವರ್ಷ ನಮ್ಮ ಮನೆಯಲ್ಲಿ ದಸವೀ ಇದೆ" ಅನ್ನುತ್ತಾರೆ, ಮನೆಯಲ್ಲಿ ಯಾರಿಗೋ ಆಪರೇಶನ್ ಇದೆ ಅನ್ನುವ ಧಾಟಿಯಲ್ಲಿ. ಕೇಳಿದವರೂ ದನಿ ತಗ್ಗಿಸಿ "ಹೌದಾ, ಪಾಪ" ಅನ್ನುತ್ತಾರೆ. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿಗೆ ನನ್ನ ಮಗಳು ಅನಘಾಳ ದಸವೀ ಜೂನ್ ತಿಂಗಳಲ್ಲೇ ಗೊತ್ತಾಗಿಹೋಗಿತ್ತು. ಟೀವಿಯ ಕನೆಕ್ಷನ್ ತೆಗೆಸಿದೆವು. ನೆಂಟರಿಷ್ಟರು ಮುಂಬಯಿ ನೋಡುವ ಆಸೆಯನ್ನು ಮುಂದಿನ ವರ್ಷಕ್ಕೆ ಹಾಕಿದರು. ಮೇಲಿನ ಮಹಡಿಯವರು ಮಗನ ನಾಮಕರಣಕ್ಕೆ ಸ್ಪೀಕರ್ ಹಚ್ಚುವ ಮೊದಲು ನಮ್ಮ ಬಾಗಿಲು ತಟ್ಟಿ ಒಪ್ಪಿಗೆ ಕೇಳಿದರು. ಇಷ್ಟು ಜನ ಇಷ್ಟು ಎಚ್ಚರಿಕೆಯಿಂದ ನಡೆದುಕೊಳ್ಳುತ್ತಾರೆಂದರೆ ವಿಷಯ ಗಂಭೀರವೇ ಇರಬೇಕಲ್ಲ? ನನ್ನಂಥವನು ಹೆದರದೆ ಏನು ಮಾಡಬೇಕು?

ಹೆದರಿಕೆಗೆ ಆಧಾರ ಸಿಕ್ಕಿದ್ದು ಜನವರಿಯಲ್ಲಿ. ಬೋರ್ಡಿನ ಪರೀಕ್ಷೆಗೆ ಮೊದಲು ಶಾಲೆಯವರು ಪ್ರಿಲಿಮ್ ಎಂಬ ರಿಹರ್ಸಲ್ ಪರೀಕ್ಷೆ ಮಾಡುತ್ತಾರೆ. ಅನಘಾಗೆ ಉಳಿದ ವಿಷಯಗಳಲ್ಲಿ ಮಾನ ಉಳಿಯುವಷ್ಟು ಬಂದಿತ್ತು. ರೇಖಾಗಣಿತದಲ್ಲಿ ಮಾತ್ರ ನಲವತ್ತಕ್ಕೆ ಹನ್ನೊಂದು. ಪೇಪರು ತೋರಿಸಲು ನಮ್ಮನ್ನು ಶಾಲೆಗೆ ಕರೆದರು. ಹನ್ನೊಂದನ್ನು ಕೆಂಪು ಶಾಯಿಯಲ್ಲಿ ಬರೆದು ಸುತ್ತ ಗೆರೆ ಎಳೆದಿದ್ದರು. ಗಣಿತದ ಟೀಚರು ಮರಾಠಿಯವರು, ಒಳ್ಳೆಯವರು. ಪ್ರಿಲಿಮ್ ಪೇಪರನ್ನು ನಾವು ಬೇಕೆಂದೇ ಬಿಗಿಯಾಗಿ ತಿದ್ದುತ್ತೇವೆ, ಇನ್ನೂ ಸಮಯವಿದೆ, ಬೇರೆ ಬೇರೆ ಶಾಲೆಗಳ ಪ್ರಿಲಿಮ್ ಪೇಪರು ತಂದು ಬಿಡಿಸಲಿ ಎಂದರು. ಕೊನೆಗೆ "ಘಾಬರೂ ನಕಾ", ಹೆದರಬೇಡಿ ಎಂದು ಸಮಾಧಾನವನ್ನೂ ಹೇಳಿದರು. ಅವರು ಅದನ್ನು ಹೇಳಿದ್ದು ಮಗಳಿಗಲ್ಲ, ನನಗೆ. ಮಗಳು ಆಗ ಕಿಟಕಿಯಿಂದಾಚೆ ಗೆಳತಿಗೆ ಕೈಬೀಸುತ್ತಿದ್ದಳು.

ಅನಘಾಗೆ ಮುಂದೆ ಆರ್ಟ್ಸ್ ಓದಬೇಕು, ಪಾರ್ಲೆಯ ಕಾಲೇಜಿಗೆ ಸೇರಬೇಕು ಎಂದಿದೆ. "ಈ ಒಂದು ಪೇಪರ್ ದಾಟಿದ್ರೆ ಲೈಫಲ್ಲಿ ಮತ್ತೆ ಟ್ರಯಾಂಗಲ್ ನೋಡೋದೇ ಬೇಡ ಪಪ್ಪಾ" ಎನ್ನುತ್ತಾಳೆ. ಆದರೆ ದಾಟಬೇಕಲ್ಲ. ಗಣಿತದಲ್ಲಿ ಮುಗ್ಗರಿಸಿದರೆ ಪಾರ್ಲೆಯೂ ಇಲ್ಲ, ಕಾಲೇಜೂ ಇಲ್ಲ, ಗೆಳತಿಯರೆಲ್ಲ ಮುಂದೆ ಹೋಗಿ ಇವಳೊಬ್ಬಳು ಮನೆಯಲ್ಲಿ. ಆ ಚಿತ್ರ ನನ್ನ ಕಣ್ಣಿಗೆ ಕಟ್ಟಿದ್ದೇ ಕಟ್ಟಿದ್ದು, ಊಟ ಸೇರದಂತಾಯಿತು.

ಟೀಚರು ಬೇರೆ ಶಾಲೆಗಳ ಪೇಪರು ತನ್ನಿ ಎಂದಿದ್ದರಷ್ಟೆ. ಎಷ್ಟು ಎಂದು ಹೇಳಿರಲಿಲ್ಲ. ದಸವೀ ಇರುವ ಮನೆಯ ತಂದೆ ತಾಯಿಗಳದೇ ಒಂದು ಲೋಕವಿದೆ ಎಂದು ನನಗೆ ತಿಳಿದದ್ದು ಆಗ. ಅವರು ಫೋನಿನ ಗ್ರೂಪುಗಳಲ್ಲಿ "ದಾದರ್‌ನವರ ಭೂಮಿತಿ ಇದೆ, ಮುಲುಂಡ್ ಇದ್ದರೆ ಕೊಡಿ" ಎಂದು ಅದಲುಬದಲು ಮಾಡಿಕೊಳ್ಳುತ್ತಾರೆ. ಭೂಮಿತಿ ಎಂದರೆ ರೇಖಾಗಣಿತವೇ. ಮರಾಠಿ ಹೆಸರಿನಲ್ಲಿ ಅದು ಇನ್ನೂ ಕಠಿಣವಾಗಿ ಕೇಳಿಸುತ್ತದೆ. ಫೋನಿನಲ್ಲಿ ಬಂದ ಪೇಪರು ಮಸುಕಾಗಿದ್ದರೆ ನಾನೇ ಹೋಗಿ ಝೆರಾಕ್ಸ್ ತರುತ್ತಿದ್ದೆ. ಚೆಂಬೂರಿನ ಒಬ್ಬ ಅಯ್ಯರ್ ಅವರ ಬಳಿ ಭಾರೀ ಕಷ್ಟದ ಪೇಪರಿದೆ ಎಂದು ಸುದ್ದಿ ಬಂದಾಗ ಆಫೀಸು ಬಿಟ್ಟವನೇ ಹಾರ್ಬರ್ ಲೈನಿನ ಗಾಡಿ ಹತ್ತಿ, ವಡಾಲಾದಲ್ಲಿ ಬದಲಿಸಿ, ಜನರ ನಡುವೆ ಹಿಂಡಿಹಿಪ್ಪೆಯಾಗಿ ಹೋದೆ. ಬಾಗಿಲು ತೆಗೆದ ಅಯ್ಯರ್ ಅವರ ಮುಖವೂ ನನ್ನ ಹಾಗೇ ಇತ್ತು. ಅವರು ನನಗೆ ಪೇಪರು ಕೊಟ್ಟರು, ನಾನು ಅವರಿಗೆ ಪಾರ್ಲೆಯ ಶಾಲೆಯದನ್ನು ಕೊಟ್ಟೆ. ಬರುವಾಗ ಗಾಡಿಯಲ್ಲಿ ಅದನ್ನು ಓದಿದೆ. ಒಂದೇ ಒಂದು ಲೆಕ್ಕ ಅರ್ಥವಾಗಲಿಲ್ಲ. ಇಷ್ಟು ಒಳ್ಳೆಯ ಪೇಪರು ಸಿಕ್ಕಿತಲ್ಲ ಎಂಬ ಸಂತೋಷಕ್ಕಿಂತ ಇಂಥದ್ದೇ ಬೋರ್ಡಿನಲ್ಲಿ ಬಂದರೆ ಹೇಗಪ್ಪಾ ಎಂಬ ಹೆದರಿಕೆಯೇ ಹೆಚ್ಚಾಯಿತು.

ಭಾನುವಾರ ನಾನು ದಾದರ್‌ನವರ ಪೇಪರಿಟ್ಟು ಮನೆಯಲ್ಲೇ ಪರೀಕ್ಷೆ ಏರ್ಪಡಿಸಿದೆ. ಹಾಲ್‌ನಲ್ಲಿ ಮೇಜು, ಮೇಜಿನ ಮೇಲೆ ಗಡಿಯಾರ, ಬಾಗಿಲಿಗೆ ಚಿಲಕ. ಬೋರ್ಡಿನಲ್ಲಿ ಗಂಟೆ ಹೊಡೆಯುತ್ತಾರೆ, ಅಭ್ಯಾಸವಾಗಲಿ ಎಂದು ದೇವರ ಮುಂದಿನ ಗಂಟೆಯನ್ನೇ ತಂದು ಬಾರಿಸಿದೆ. ಎದುರುಮನೆಯ ಮರಾಠಿ ಮಾವಶಿಗೆ ನಮ್ಮಲ್ಲಿ ಪೂಜೆ ನಡೆದಿದೆ ಅನ್ನಿಸಿ, ತಲೆಯ ಮೇಲೆ ಸೆರಗು ಹೊದ್ದು ಪ್ರಸಾದಕ್ಕೆ ಬಂದು ನಿಂತರು. ಅವರಿಗೆ ವಿಷಯ ತಿಳಿಸಿ, ಕೈಯಲ್ಲಿ ಒಂದು ಬಾಳೆಹಣ್ಣು ಇಟ್ಟು ಕಳಿಸುವಷ್ಟರಲ್ಲಿ ಹತ್ತು ನಿಮಿಷ ಹೋಯಿತು. ಆಮೇಲೆ ನಾನು ಮಗಳ ಕುರ್ಚಿಯ ಹಿಂದೆ ನಿಂತೆ. ಕಾವಲಿಗೆಂದು ನಿಂತದ್ದು. ಆದರೆ ಅವಳು ಪೆನ್ಸಿಲ್ ಎತ್ತಿದರೆ ನನ್ನ ಎದೆ ಹೊಡೆದುಕೊಳ್ಳುವುದು, ಅವಳು ರಬ್ಬರ್ ಹಿಡಿದರೆ ನನ್ನ ಬಾಯಿಂದ "ಶ್" ಎಂದು ಉಸಿರು ಹೊರಡುವುದು. ಅವಳು ತಿರುಗಿ ನನ್ನ ಮುಖ ನೋಡಿ, ಬರೆದದ್ದನ್ನು ಅಳಿಸಿಬಿಡುವಳು. ಆಮೇಲೆ ಟೀಚರಿಗೆ ತೋರಿಸಿದಾಗ ತಿಳಿಯಿತು, ಅವಳು ಮೊದಲು ಬರೆದು ಅಳಿಸಿದ್ದೇ ಸರಿ ಇತ್ತಂತೆ. ಒಟ್ಟು ಬಂದದ್ದು ಒಂಬತ್ತು. ಪ್ರಿಲಿಮ್‌ನಲ್ಲಿ ಹನ್ನೊಂದು ಇದ್ದದ್ದು ನನ್ನ ಸಹಾಯದಿಂದ ಒಂಬತ್ತಕ್ಕೆ ಇಳಿದಿತ್ತು.

ಮುಂದಿನ ಭಾನುವಾರ ನಾನು ಮತ್ತೆ ಗಂಟೆ ತರಲು ಹೋದಾಗ ಅದು ದೇವರ ಮುಂದೆ ಇರಲಿಲ್ಲ. ನನ್ನ ಹೆಂಡತಿ ಶೋಭಾ ಅದನ್ನು ಅಕ್ಕಿಯ ಡಬ್ಬಿಯೊಳಗೆ ಹಾಕಿಟ್ಟಿದ್ದಳು. ಅವಳು ಉಡುಪಿ ಕಡೆಯವಳು. ಸಿಟ್ಟು ಬಂದರೆ ದನಿ ಏರಿಸುವುದಿಲ್ಲ, ಇನ್ನಷ್ಟು ಸಾವಕಾಶವಾಗಿ ಮಾತಾಡುತ್ತಾಳೆ.

"ಎಂತ ಮಾರಾಯ್ರೆ, ಪುನಃ ಪರೀಕ್ಷೆಯಾ? ಸ್ವಲ್ಪ ಹೊರಗೆ ಹೋಗಿ ಬನ್ನಿ, ಅವಳಷ್ಟಕ್ಕೆ ಅವಳು ಓದಲಿ."

"ಹೊರಗ ಹೋಗೂದಂದ್ರ? ಒಂಬತ್ತು ಬಂದಾವ. ನಾ ಬಿಟ್ರ ಯಾರು ನೋಡ್ತಾರ?" ಎಂದೆ.

"ನಿಮ್ಮ ಚೆಂಬೂರಿನ ಪೇಪರು ಇದೆಯಲ್ಲ, ಅದನ್ನು ಗುರುವಾರ ಇಲ್ಲೇ ಅಡಿಗೆಮನೆಯಲ್ಲಿ ಕೂತು ಬರೆದಿದ್ದಾಳೆ. ನಾನು ದೋಸೆ ಹೊಯ್ತಾ ಇದ್ದೆ, ಅವಳು ತಿಂತಾ ತಿಂತಾ ಬರೆದಳು. ಟೀಚರು ತಿದ್ದಿ ಇಪ್ಪತ್ತೊಂಬತ್ತು ಕೊಟ್ಟಿದ್ದಾರೆ."

ನಾನು ನಂಬಲಿಲ್ಲ. ಅದು ಅಯ್ಯರ್ ಅವರ ಪೇಪರು, ಅದಕ್ಕೆ ದೊಡ್ಡವರೇ ಹೆದರಬೇಕು. ಮಗಳನ್ನು ಕರೆದು ಕೇಳಿದೆ. ಅವಳು ಮೊದಲು ಅಮ್ಮನ ಮುಖ ನೋಡಿದಳು. ಆಮೇಲೆ ತನಗೆ ಬರುವ ಅರ್ಧ ಕನ್ನಡದಲ್ಲಿ ಹೇಳಿದಳು: "ಪಪ್ಪಾ, ನೀವು ಗುಸ್ಸಾ ಮಾಡ್ಬೇಡಿ. ಪ್ರಿಲಿಮ್ ದಿನ ನೀವು ಗೇಟ್ ತನಕ ಬಂದಿದ್ರಲ್ಲ. ಪೇಪರ್ ಕೈಗೆ ಬಂತು, ಫಸ್ಟ್ ಸಮ್ ನಂಗೆ ಬರ್ತಿತ್ತು. ಫಿರ್ ನಿಮ್ಮ ಮುಖ ಯಾದ್ ಆಯ್ತು. ಪಪ್ಪಾ ಇಷ್ಟು ಹೆದರ್ತಾರೆ ಅಂದ್ರೆ ಪಕ್ಕಾ ಏನೋ ದೊಡ್ಡದು ಇರ್ಬೇಕು, ನಂಗೇ ಗೊತ್ತಾಗ್ತಿಲ್ಲ ಅನಿಸ್ತು. ಮತ್ತೆ ಎಲ್ಲಾ ಮರೆತುಹೋಯ್ತು."

ಮಗಳ ಗಣಿತ ಹಾಳಾಗಲು ಏನೆಲ್ಲ ಕಾರಣವಿರಬಹುದೆಂದು ನಾನು ಯೋಚಿಸಿದ್ದೆ. ಶಾಲೆ, ಸಿಲೆಬಸ್ಸು, ಮೊಬೈಲು, ಹೆಂಡತಿಯ ತವರಿನ ಕಡೆಯ ರಕ್ತ, ಎಲ್ಲವನ್ನೂ ಅನುಮಾನಿಸಿದ್ದೆ. ನನ್ನ ಮುಖ ಮಾತ್ರ ಹೊಳೆದಿರಲಿಲ್ಲ. ತುಂಬಾ ನೋವಾಯಿತು, ನಾಚಿಕೆಯೂ ಆಯಿತು. ಕೂಡಲೇ ಇನ್ನೊಂದು ಹೆದರಿಕೆ ಹುಟ್ಟಿತು: ಮುಖವನ್ನು ಬದಲಾಯಿಸುವುದು ಹೇಗೆ? ಪೇಪರಾದರೆ ಚೆಂಬೂರಿಗೆ ಹೋಗಿ ತರಬಹುದು.

ಅಂದಿನಿಂದ ಪರೀಕ್ಷೆ ಅಡಿಗೆಮನೆಗೆ ವರ್ಗವಾಯಿತು. ಪೇಪರು ತರುವುದು ನನ್ನ ಕೆಲಸ, ತಂದು ಹೊಸ್ತಿಲ ಈಚೆಗೆ ಇಟ್ಟು ಹೋಗಬೇಕು. ಉಳಿದ ಸಮಯದಲ್ಲಿ ನಾನು ಮುಖದ ಮೇಲೆ ಕೆಲಸ ಮಾಡಿದೆ. ಕನ್ನಡಿಯ ಮುಂದೆ ನಿಂತು, ಏನೂ ಆಗಿಲ್ಲವೆಂಬಂಥ ಒಂದು ಹಗುರವಾದ ನಗೆಯನ್ನು ಅಭ್ಯಾಸ ಮಾಡಿದೆ. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಬೆಳಗಿನ ಲೋಕಲ್‌ನಲ್ಲಿ ಎದುರಿಗೆ ಕೂತವರ ಮೇಲೆ ಪ್ರಯೋಗಿಸಿದಾಗ ಅವರು ಬ್ಯಾಗು ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತರು. ಮುಂಬಯಿಯಲ್ಲಿ ಸಿಕ್ಕ ಸೀಟನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಆದರೂ ನಾನು ಎದೆಗುಂದಲಿಲ್ಲ.

ಬೋರ್ಡಿನ ರೇಖಾಗಣಿತದ ದಿನ ಬಂತು. ಶೋಭಾ ಶಕುನಕ್ಕೆಂದು ಮಗಳ ಅಂಗೈಗೆ ಮೊಸರು ಸಕ್ಕರೆ ಹಾಕಿದಳು. ಎದುರುಮನೆಯ ಮಾವಶಿ ಒಂದು ಹೊಸ ಪೆನ್ನು ತಂದುಕೊಟ್ಟು ಆಶೀರ್ವಾದ ಮಾಡಿದರು. ನಾನು ಬಾಗಿಲ ಹತ್ತಿರ ನಿಂತು, ತಿಂಗಳಿನ ಅಭ್ಯಾಸವನ್ನೆಲ್ಲ ಒಟ್ಟುಗೂಡಿಸಿ ನಕ್ಕೆ. ಅನಘಾ ಬೂಟಿನ ಲೇಸು ಕಟ್ಟುತ್ತಿದ್ದವಳು ತಲೆ ಎತ್ತಿ ನೋಡಿದಳು.

"ಪಪ್ಪಾ, ಏನಾಯ್ತು? ಹೊಟ್ಟೆ ನೋವಾ?"

"ಇಲ್ಲವ್ವಾ. ನಗಾಕತ್ತೀನಿ."

ಅವಳು ಲೇಸು ಬಿಗಿದು ಎದ್ದಳು. "ಇದು ಬೇಡ ಪಪ್ಪಾ. ಇದು ನೋಡಿದ್ರೆ ನಂಗೆ ಜಾಸ್ತಿ ಹೆದರಿಕೆ ಆಗ್ತದೆ. ಹಳೇ ಮುಖಾನೇ ಹಾಕ್ಕೊಳ್ಳಿ, ಅದರದ್ದು ನಂಗೆ ಆದತ್ ಇದೆ, ಅಭ್ಯಾಸ ಆಗಿದೆ. ಈಗ ಗೊತ್ತಿದೆಯಲ್ಲ, ಆ ಹೆದರಿಕೆ ನಿಮ್ಮದು, ಪೇಪರದ್ದಲ್ಲ." ಹಾಗೆಂದು ಬ್ಯಾಗು ಹೆಗಲಿಗೇರಿಸಿ, "ಚಲಿಯೇ, ಗೇಟ್ ತನಕ ಬನ್ನಿ" ಎಂದು ನನ್ನ ಕೈ ಹಿಡಿದು ಹೊರಟಳು. ನಾನು ಹುಟ್ಟಿನಿಂದ ಬಂದ ಮುಖದಲ್ಲೇ ಅವಳ ಹಿಂದೆ ಹೋದೆ.

ಪರೀಕ್ಷಾ ಕೇಂದ್ರದ ಹೊರಗೆ ಫುಟ್‌ಪಾತಿನ ತುಂಬ ತಂದೆತಾಯಿಗಳು. ಅವಳು ಒಳಗೆ ಹೋದ ಮೇಲೆ ನಾನು ಅಲ್ಲೇ ನಿಂತೆ. ಮನೆಗೆ ಹೋಗೋಣ ಎಂದುಕೊಂಡೆ, ಕಾಲು ಏಳಲಿಲ್ಲ. ಬಿಸಿಲು ಏರಿತು. ಒಳಗೆ ಗಂಟೆ ಹೊಡೆದಾಗಲೆಲ್ಲ ನನ್ನ ಬಾಯಿ ಒಣಗಿತು. ಈಗ ಮೊದಲನೆಯ ಲೆಕ್ಕ ಮಾಡಿರಬಹುದು, ಈಗ ಅಳಿಸುತ್ತಿರಬಹುದು, ಯಾರು ಅವಳ ಹಿಂದೆ ನಿಂತಿದ್ದಾರೋ, ಅವರ ಮುಖ ಹೇಗಿದೆಯೋ. ಕೊನೆಗೂ ಬಾಗಿಲು ತೆರೆದು ಮಕ್ಕಳು ಹೊರಬಂದರು. ಅನಘಾ ಗುಂಪಿನಲ್ಲಿ ನನ್ನನ್ನು ಹುಡುಕಿ ನೆಟ್ಟಗೆ ಬಂದವಳು, ನಾನು ಏನೂ ಕೇಳುವ ಮೊದಲೇ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗಿತ್ತಳು.

"ಮೊದಲು ನೀರು ಕುಡೀರಿ ಪಪ್ಪಾ. ಪೇಪರ್ ಛಲೋ ಆಗಿದೆ. ಎಲ್ಲಾ ಸಮ್ ಮಾಡಿದೆ, ಒಂದೂ ಅಳಿಸಲಿಲ್ಲ. ಇಲ್ಲಿ ಕೂತ್ಕೊಳ್ಳಿ."

ನಾನು ಕಟ್ಟೆಯ ಮೇಲೆ ಕೂತು ಗಟಗಟನೆ ಕುಡಿದೆ. ಅವಳು ಪ್ರಶ್ನೆಪತ್ರಿಕೆಯಿಂದಲೇ ನನಗೆ ಗಾಳಿ ಹಾಕತೊಡಗಿದಳು. ಪಕ್ಕದಲ್ಲಿ ನಿಂತಿದ್ದ ಯಾರದೋ ತಾಯಿ ನಮ್ಮಿಬ್ಬರನ್ನೂ ನೋಡಿ, ಮರುಕದಿಂದ "ಕ್ಯಾ ಹುವಾ ಬೇಟಾ, ಪಪ್ಪಾ ಕಾ ಪೇಪರ್ ಥಾ ಕ್ಯಾ?", ಪರೀಕ್ಷೆ ಅಪ್ಪನದಾಗಿತ್ತೇನು ಎಂದು ಕೇಳಿದರು.

"ಹಾಂ ಆಂಟಿ" ಎಂದಳು ನನ್ನ ಮಗಳು, "ಹೋ ಗಯಾ ಅಬ್." ಈಗ ಮುಗಿಯಿತಂತೆ.

ನನ್ನದು ಹೇಗಾಯಿತೆಂದು ಅವಳು ಹೇಳಲಿಲ್ಲ. ಕೇಳುವಷ್ಟು ಧೈರ್ಯ ನನಗೂ ಇರಲಿಲ್ಲ.