ಹೊಗೆ ಹೋದ ಮೇಲಿನ ತ್ರಾಸು

ಉಪಕಾರ ಮಾಡುವುದು ಕಷ್ಟವೆನ್ನುತ್ತಾರೆ. ಉಪಕಾರವಾಗಿದೆ ಎಂದು ಸಾಬೀತು ಮಾಡುವುದು ಅದಕ್ಕಿಂತ ಕಷ್ಟ. ಮಾಸೂರಿನ ಹತ್ತಿರದ ನಮ್ಮ ಸರಕಾರಿ ಶಾಲೆಯ ಬಿಸಿಯೂಟಕ್ಕೆ ಒಂದು ತೈಲ ಕಂಪನಿ ದೊಡ್ಡ ಗ್ಯಾಸ್ ಒಲೆ ಕೊಟ್ಟ ಮೇಲೆ ಹೆಡ್‌ಮಾಸ್ತರನಾದ ನನಗೆ ಈ ಜ್ಞಾನೋದಯವಾಯಿತು. ಅಲ್ಲಿಯವರೆಗೆ ಹಳೆಯ ಒಲೆ ಕೆಟ್ಟು ಕಟ್ಟಿಗೆಯೇ ಗತಿಯಾಗಿತ್ತು. ಅಡುಗೆಮನೆಯಲ್ಲಿ ನಮ್ಮ ಅಡುಗೆಯಾಕೆ ಗಂಗವ್ವ ಕೆಮ್ಮಿದರೆ ಮಾತ್ರ ಒಳಗೆ ಆಕೆ ಇದ್ದಾಳೆಂದು ಗೊತ್ತಾಗುತ್ತಿತ್ತು, ಅಷ್ಟು ಹೊಗೆ. ಲಾಭ ಗಳಿಸುವ ದೊಡ್ಡ ಕಂಪನಿಗಳು ಅದರಲ್ಲೊಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕೆಂದು ಕಾನೂನಿದೆಯಂತೆ. ಖರ್ಚಿನಿಂದ ಏನು ಬದಲಾಯಿತೆಂದು ಬರೆದುಕೊಳ್ಳಲು ಕಂಪನಿಯ ಅಧಿಕಾರಿಯೊಬ್ಬರು ಬರುವವರಿದ್ದರು. ವರದಿ ಚೆನ್ನಾಗಿದ್ದರೆ ಮಕ್ಕಳು ಉಣ್ಣಲು ಶೆಡ್ಡೂ ಆದೀತು ಎಂದು ಅವರು ಫೋನಿನಲ್ಲಿ ಅಂದದ್ದೇ ತಡ, ಮಳೆ ಬಂದರೆ ತಾಟು ತಲೆಯ ಮೇಲಿಟ್ಟುಕೊಂಡು ಓಡುವ ನಮ್ಮ ಮಕ್ಕಳು ನನ್ನ ಕಣ್ಣಿಗೆ ಕಟ್ಟಿದರು.

ಗಂಗವ್ವನಿಗೆ ಮೂರು ದಿನ ಪಾಠ ಮಾಡಿದೆ. "ಮೊದಲ ಕಣ್ಣಾಗ ನೀರು ಬರ್ತಿತ್ತು, ಈಗ ಬರೂದಿಲ್ಲ ಅನ್ನು. ಅಷ್ಟ ಸಾಕು."

"ಅನ್ತೇನ್ರಿ ಸರ್. ಅದೇನ್ ದೊಡ್ಡ ಮಾತು?"

ಅಧಿಕಾರಿ ಹೇಳದೆ ಒಂದು ತಾಸು ಮೊದಲೇ ಬಂದುಬಿಟ್ಟರು. ಗಂಗವ್ವ ಬುಟ್ಟಿ ತುಂಬ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. "ಈಗ ಕಣ್ಣಾಗ ನೀರ ಬರೂದಿಲ್ರಿ," ಎಂದಳು, ಕೆನ್ನೆಯ ಮೇಲೆ ಧಾರೆ ಇಳಿಯುತ್ತಿತ್ತು. ಸಮರ್ಥನೆಗೆ ನುಗ್ಗಿದ ನಾನೂ ಆ ಘಾಟಿಗೆ ಅತ್ತೆ. ಬರೆದುಕೊಳ್ಳುತ್ತಿದ್ದ ಅಧಿಕಾರಿಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಫಲಾನುಭವಿಗಳು ನಗುತ್ತಿರುವ ಫೋಟೋ ಬೇಕಿತ್ತಲ್ಲ ಸರ್," ಎಂದು ಅವರು ಬಿಕ್ಕಿದಾಗ ಮೂವರಿಗೂ ನಗು ತಡೆಯಲಾಗಲಿಲ್ಲ. ಫೋಟೋ ಆಯಿತು.

ಹೊರಡುವ ಮುಂಚೆ ಅವರು, "ಹೊಸ ಒಲೆಯಿಂದ ತೊಂದರೆ ಏನಾದರೂ ಇದೆಯೇನಮ್ಮಾ?" ಎಂದರು. ನಾನು ಅವರ ಬೆನ್ನ ಹಿಂದೆ ನಿಂತು ಎರಡೂ ಕೈ ಆಡಿಸಿದೆ. ಪಾಠದಲ್ಲಿ ಇಲ್ಲದ ಪ್ರಶ್ನೆ. ಗಂಗವ್ವ ನಿಜವನ್ನೇ ಹೇಳಿದಳು.

"ಒಂದ ತ್ರಾಸ ಐತ್ರಿ. ಹೊಗಿ ಇದ್ದಾಗ ಹೆಡ್ ಮಾಸ್ತರ್ ಈ ಕಡೆ ಹಾಯ್ತಿರ್ಲಿಲ್ಲ. ಈಗ ದಿನಾ ಬಂದು ರುಚಿ ನೋಡ್ತೇನಿ ಅಂತ ಎರಡ ತಾಟ ಉಣ್ತಾರ."

ಶೆಡ್ಡು ಹೋಯಿತೆಂದುಕೊಂಡೆ. ಹೋಗಲಿಲ್ಲ, ಮಳೆಗಾಲಕ್ಕೆ ಮುಂಚೆಯೇ ಶೆಡ್ಡಿಗೆ ತಗಡು ಹೊದಿಸಿಯಾಗಿತ್ತು. ಜೊತೆಗೆ ವರದಿಯ ಪ್ರತಿಯೂ ಬಂತು. ಅದರಲ್ಲಿ, ಯೋಜನೆಯ ಅತಿ ದೊಡ್ಡ ಪರಿಣಾಮವೆಂದರೆ ಆಹಾರದ ಗುಣಮಟ್ಟದ ಮೇಲೆ ಮುಖ್ಯೋಪಾಧ್ಯಾಯರ ನಿಗಾ ಗಣನೀಯವಾಗಿ ಹೆಚ್ಚಿರುವುದು ಎಂದು ಬರೆದಿತ್ತು. ಹೆಂಡತಿಗೆ ಓದಿ ಹೇಳಿದೆ. ಆಕೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಹೌದ್ರಿ, ಎದ್ದು ಕಾಣ್ತೈತಿ," ಎಂದಳು.